ಆಕ್ಸಲ್‌ನ ಆ ತುದಿ

ಮಗ ಸೊಂಬತ್ ಲಾರಿಯೊಡನೆ ಕಣಿವೆಗೆ ಉರುಳಿದ ಸುದ್ದಿ ಬಂದಾಗ ನಾನು ಬಾಗಿಲಲ್ಲಿ ಭಿಕ್ಷುಗಳಿಗೆ ಅನ್ನ ನೀಡುತ್ತಿದ್ದೆ. ರಸ್ತೆಯಲ್ಲಿ ಸತ್ತವರ ಜೀವವನ್ನು ಅದೇ ಜಾಗದಲ್ಲಿ ಊದುಬತ್ತಿ ಹಚ್ಚಿ ಮನೆಗೆ ಕರೆಯುವುದು ನಮ್ಮ ಪದ್ಧತಿ. ನಾವು ಹೋಗುವಷ್ಟರಲ್ಲಿ ಲಾರಿಯನ್ನು ಎಲ್ಲಿಗೋ ಎಳೆದೊಯ್ದಿದ್ದರು. ಬರಿಯ ತಿರುವಿನಲ್ಲಿ ನಿಂತು ಕರೆದೆವು. ಅವನು ಮನೆಗೆ ಬಂದನೆಂದು ನನಗೆ ಎಂದೂ ಅನಿಸಲಿಲ್ಲ.

ವರ್ಷದ ಮೇಲೆ, ನನ್ನ ಲಾರಿಗೆ ಹಿಂದಿನ ಚಕ್ರಗಳ ಆಕ್ಸಲ್ ಬೇಕಾಗಿ ಕೊರಾತ್ ಪಟ್ಟಣದಲ್ಲಿ ಮುಯಿ ಎಂಬವಳ ಗುಜರಿ ಅಂಗಡಿಗೆ ಒಬ್ಬನೇ ಹೋದೆ.

"ಹೆಣ್ಣು ನೋಡೋ ಹಾಗೆ ನೋಡ್ಕೊಳ್ಳಿ ದೊಡ್ಡಪ್ಪ. ಆಮೇಲೆ ತವರಿಗೆ ಕಳಿಸಿದ್ರೆ ನಾನು ಸೇರಿಸಲ್ಲ," ಎಂದಳು ಮುಯಿ.

ಒಂದು ಆಕ್ಸಲ್ ಆರಿಸಿ, ಅದರ ಎಣ್ಣೆ ಬಸಿದು ಬೆರಳಲ್ಲಿ ಉಜ್ಜಿದೆ. ಲೋಹದ ಪುಡಿ ಇರಲಿಲ್ಲ. ಆದರೆ ನೆರಳಲ್ಲಿದ್ದ ಆ ಎಣ್ಣೆ, ಈಗ ತಾನೇ ಘಾಟಿ ಹತ್ತಿ ಬಂದಂತೆ ಬಿಸಿಯಾಗಿತ್ತು. ಈ ತುದಿಯಲ್ಲಿ ಚಕ್ರ ಕೂರುವ ಹಬ್ ತಿರುಗಿಸಿದೆ. ಆ ತುದಿಯಲ್ಲಿ ಸ್ಪ್ಯಾನರ್ ಮೂರು ಸಲ ತಟ್ಟಿದ ಸದ್ದಾಯಿತು. ಹಿಂದೆಲ್ಲ ಹೀಗೆ ಪರೀಕ್ಷಿಸುವಾಗ ಎದುರು ತುದಿ ನೋಡಿಕೊಳ್ಳುತ್ತಿದ್ದ ಸೊಂಬತ್, ಸರಿಯಾಗಿ ತಿರುಗಿದರೆ ಹಾಗೆಯೇ ತಟ್ಟುತ್ತಿದ್ದ. ಈಗ ಅಲ್ಲಿ ಯಾರೂ ಇರಲಿಲ್ಲ.

"ಇದು ಯಾವ ಲಾರಿದಮ್ಮ?"

"ಜಪಾನಿಂದು. ಮೊನ್ನೆ ಹಡಗಿಂದ ಇಳೀತು, ನಮ್ಮ ರಸ್ತೆನೇ ಕಂಡಿಲ್ಲ. ಆ ಕಡೆ ತಟ್ತಾ ಇದ್ರಲ್ಲ, ಅವರನ್ನೂ ಕರೀರಿ, ಕಾಫಿ ಕುಡೀಲಿ."

ಅವಳ ಅಂಗಡಿಯ ಪುಟ್ಟ ಗುಡಿಯಿಂದ ಊದುಬತ್ತಿ ತಂದು ಆಕ್ಸಲ್‌ನ ಆ ತುದಿಯಲ್ಲಿ ಹಚ್ಚಿದೆ. "ಬಾ ಮಗನೇ, ಮನೆಗೆ ಹೋಗೋಣ," ಎಂದೆ. ನನ್ನ ಅಂಗೈ ಕೆಳಗೆ ಕಬ್ಬಿಣ ನಿಧಾನವಾಗಿ ತಣ್ಣಗಾಯಿತು. ತಟ್ಟುವ ಸದ್ದು ಮತ್ತೆ ಕೇಳಲಿಲ್ಲ.

ಅವನು ನನ್ನೊಡನೆ ಹೊರಟನೋ, ಅಲ್ಲಿಯೇ ಉಳಿದನೋ ತಿಳಿಯದು. ಎಲ್ಲಿದ್ದರೂ ನಾನು ಗಳಿಸಿದ ಪುಣ್ಯವೆಲ್ಲ ಅವನದಾಗಲಿ, ಬುದ್ಧನ ಕರುಣೆಯ ನೆರಳಲ್ಲಿ ಅವನಿಗೆ ಶಾಂತಿ ಸಿಗಲಿ.