ಐವತ್ತೊಂದು ಹಗ್ಗದ ಒಡೆಯ

ಅದು ಆನೆಗಳಿಗೆ ರೆಕ್ಕೆಯಿದ್ದ ಕಾಲ. ತೈಲಾವತಿ ಎಂಬ ರಾಜ್ಯದಲ್ಲಿ ಅಂಥದೊಂದು ಆನೆ ಊರ ದೊಡ್ಡ ಗಾಣ ತಿರುಗಿಸುತ್ತಿತ್ತು. ಅದರ ಮನಸ್ಸೆಲ್ಲ ಆಕಾಶದ ಕಡೆಗೇ. ಹಾಗಾಗಿ ನೂರು ಮನೆಯವರು ನೂರು ಹಗ್ಗ ಹಿಡಿದು ಅದನ್ನು ನೆಲದ ಮೇಲೆ ನಿಲ್ಲಿಸಿಕೊಂಡಿದ್ದರು. ಹಗ್ಗವಿದ್ದವರಿಗೆ ಎಣ್ಣೆಯಲ್ಲಿ ಪಾಲು. ಹೆಚ್ಚು ಹಗ್ಗ ಯಾರ ಕಡೆಗೋ ಆನೆ ಅವರ ಮಾತು ಕೇಳಬೇಕು. ಅದೇ ಕಟ್ಟಳೆ.

ಒಮ್ಮೆ ಧೂಮಕೇಶ ಎಂಬ ಮಾಂತ್ರಿಕ ಬಂದ. ಮುದುಕರಿಗೂ ಹದಿನೆಂಟರ ಮುಖ ತೋರಿಸುವ ಕನ್ನಡಿಗಳನ್ನು ತಂದಿದ್ದ. ಒಂದು ಕನ್ನಡಿಗೆ ಒಂದು ಹಗ್ಗ. ಜನರ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಮುಗಿಬಿದ್ದರು! ಐವತ್ತೊಂದು ಹಗ್ಗ ಸಿಕ್ಕಿದ್ದೇ ತಡ, ಅವನು ಕನ್ನಡಿಯ ಗಂಟು ಕಟ್ಟಿದ. ಉಳಿದ ಹಗ್ಗ ಅವನಿಗೆ ಬೇಕೇ ಇರಲಿಲ್ಲ. ಯಾರನ್ನೂ ನಂಬದ ಆಸಾಮಿ, ಅಷ್ಟನ್ನೂ ತನ್ನ ಸೊಂಟಕ್ಕೇ ಬಿಗಿದುಕೊಂಡ.

ಮೊದಲ ದಿನ, “ಹಿಂಡಿಯೆಲ್ಲ ನನ್ನದು” ಎಂದ.

ಹಗ್ಗ ಕೊಡದೆ ಉಳಿಸಿಕೊಂಡಿದ್ದ ಗಾಣಿಗರ ತಿಪ್ಪವ್ವ ಎದ್ದು ನಿಂತಳು. “ನಮ್ಮ ದನಕ್ಕೇನು ಹಾಕೋಣ ಸ್ವಾಮಿ?”

“ಹಗ್ಗ ಎಣಿಸಮ್ಮ.”

ಎಣಿಸಿದರು. ಆನೆ ತಲೆ ತಗ್ಗಿಸಿತು.

ಎರಡನೆಯ ದಿನ, “ಎಣ್ಣೆಯೆಲ್ಲ ನನ್ನದು” ಎಂದ.

“ನಮ್ಮ ಮನೆ ಒಗ್ಗರಣೆಗೆ?”

“ಹಗ್ಗ ಎಣಿಸಮ್ಮ.”

ಮೂರನೆಯ ದಿನ, “ಆನೆಯನ್ನೇ ನನ್ನ ಕೋಟೆಗೆ ಒಯ್ಯುತ್ತೇನೆ. ನೀವೂ ಹಗ್ಗ ಹಿಡಿದು ಬಾಗಿಲವರೆಗೆ ಬನ್ನಿ” ಎಂದ.

ತಿಪ್ಪವ್ವನೂ ತನ್ನ ಹಗ್ಗ ಹಿಡಿದು ಹೊರಟಳು. ಆನೆ ಹೋದರೆ ಅವಳೂ ಮೂರು ಮಕ್ಕಳೂ ಬೀದಿಪಾಲು. ಅಂಗೈಯ ಬೊಬ್ಬೆ ಉರಿಯುತ್ತಿತ್ತು. ಮೊದಲೆಲ್ಲ ಹಗ್ಗ ಇಷ್ಟು ಜಗ್ಗುತ್ತಿರಲಿಲ್ಲವಲ್ಲ ಎಂದು ನಡೆಯುತ್ತಲೇ ಯೋಚಿಸಿದಳು. ಐವತ್ತೊಂದು ಮನೆಯವರು ಹಿಡಿದಿದ್ದ ಹಗ್ಗಗಳಿಗೆ ಈಗ ಒಬ್ಬನದೇ ಭಾರ. ಹಾಗಾದರೆ ಆನೆಯನ್ನು ನೆಲದ ಮೇಲೆ ನಿಲ್ಲಿಸಿರುವವರು ಉಳಿದ ತಾವು ನಲವತ್ತೊಂಬತ್ತು ಮಂದಿಯೇ!

ಪಕ್ಕದ ಮನೆಯ ಈರಪ್ಪನಿಗೆ ಪಿಸುಗುಟ್ಟಿದಳು. “ಅಣ್ಣಾ, ಎಲ್ಲರೂ ಒಟ್ಟಿಗೆ ಬಿಟ್ಟುಬಿಡೋಣ.”

“ಹುಚ್ಚೇನವ್ವ? ಬಿಟ್ರೆ ಕೈಯಾಗೆ ಏನು ಉಳೀತದೆ?”

“ಹಿಡ್ಕೊಂಡು ಏನು ಉಳಿದೈತೆ, ಹೇಳು?”

ಈರಪ್ಪ ಮುಂದಿನವನ ಕಡೆಗೆ ಬಾಗಿದ. ಮಾತು ಕಿವಿಯಿಂದ ಕಿವಿಗೆ ಸಾಗಿತು.

ಕೋಟೆಯ ಬಾಗಿಲಲ್ಲಿ ತಿಪ್ಪವ್ವ ಕಣ್ಣು ಮುಚ್ಚಿ ಕೈ ಬಿಟ್ಟಳು. ನಲವತ್ತೊಂಬತ್ತು ಹಗ್ಗ ಸಡಿಲವಾದವು. ಆನೆ ರೆಕ್ಕೆ ಬಡಿದು ಮೇಲೆದ್ದಿತು. ಸೊಂಟದ ಹಗ್ಗಗಳ ಸಮೇತ ಧೂಮಕೇಶನೂ ಎದ್ದ.

“ಇಳಿ! ಹೆಚ್ಚು ಹಗ್ಗ ನನ್ನದು!”

“ಆ ಕಟ್ಟಳೆ ನೆಲದ ಮೇಲಿನದು, ಸ್ವಾಮಿ” ಎಂದಿತು ಆನೆ.

ಆನೆ ತನ್ನನ್ನು ಮೋಡದಾಚೆಗೇ ಒಯ್ದೀತೆಂದು ಮಾಂತ್ರಿಕ ಹೆದರಿ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಕೊನೆಯದು ಬಿಚ್ಚಿದಾಗ ತನ್ನದೇ ಕೋಟೆಯ ಕಂದಕಕ್ಕೆ ಬಿದ್ದ. ಅವನ ಮಾಯೆಯೆಲ್ಲ ಕೆಸರಲ್ಲಿ ತೊಳೆದುಹೋಯಿತು. ಊರಿನ ಕನ್ನಡಿಗಳು ಇದ್ದ ಮುಖವನ್ನು ಇದ್ದಂತೆಯೇ ತೋರಿಸತೊಡಗಿದವು.

ಆನೆ ಮಾತ್ರ ಮೋಡದಲ್ಲಿ ಮರೆಯಾಗಿತ್ತು. ತಿಪ್ಪವ್ವ ನೆಲಕ್ಕೆ ಕುಸಿದು ಗಳಗಳ ಅತ್ತಳು. ತನ್ನ ಮಾತು ಕೇಳಿ ಎಲ್ಲರೂ ಕೆಟ್ಟರೇ ಎಂದು ಅವಳ ಸಂಕಟ.

ಹೊತ್ತಿಳಿಯುವಾಗ ಆನೆ ತಾನಾಗಿಯೇ ಬಂದು ಅವಳ ಮುಂದೆ ಇಳಿಯಿತು. “ಗಾಣ ತಿರುಗಿಸುತ್ತೇನೆ, ಬೇಡ ಅನ್ನುವುದಿಲ್ಲ. ಒಂದು ಮಾತು ಹೇಳು ತಾಯಿ. ನೂರು ಪಾಲು ಮಾಡಿಕೊಂಡಿರಿ. ದುಡಿದದ್ದು ನಾನು. ನನ್ನ ಪಾಲು ಎಲ್ಲಿ?”

ಇಷ್ಟು ವರ್ಷ ಅದು ತನಗೂ ತೋಚಲಿಲ್ಲವಲ್ಲ ಎಂದು ತಿಪ್ಪವ್ವ ನಾಚಿದಳು. “ತಪ್ಪಾಯ್ತು ನನ್ನಪ್ಪಾ” ಎಂದು ಸೊಂಡಿಲು ಹಿಡಿದುಕೊಂಡಳು.

ಅಂದಿನಿಂದ ತೈಲಾವತಿಯಲ್ಲಿ ನೂರೊಂದು ಪಾಲು. ಕನ್ನಡಿ ಕೊಂಡವರಿಗೂ ಒಂದೊಂದು ಸಿಕ್ಕಿತು. ಮನೆಗೊಂದು ಮಾತು, ಆನೆಗೂ ಒಂದು ಮಾತು. ದಣಿದಾಗ ಆನೆ ಆಕಾಶಕ್ಕೆ ಹೋಗಿ ಬರುತ್ತಿತ್ತು. ಎಲ್ಲರೂ ಉಂಡುಟ್ಟು ಸುಖವಾಗಿದ್ದರು, ಆನೆಯೂ ಸುಖವಾಗಿತ್ತು.