ಬೋನು ಬದಲಾದ ಮರಿಗಳು

ಎಪ್ಪತ್ತೆಂಟನೇ ಇಸವಿಯಲ್ಲಿ ಹೆಬ್ಬಾಳದ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ ಮೊದಲ ದಿನವೇ ನಾರಾಯಣಮ್ಮನ ಕೈ ಹಿಡಿದವನು ಕಾಶಿನಾಥ. ಹಿಡಿದದ್ದು ಇಲಿಯ ಬೋನಿನೊಳಗೆ, ಹಾಸಿದ್ದ ಹೊಟ್ಟಿನಲ್ಲಿ ಉಜ್ಜುವುದಕ್ಕೆ.

“ನಮ್ಮ ವಾಸನಿ ಬಂದ್ರ ತಾಯಿ ತನ್ನ ಮರೀನೇ ಕಚ್ತದ,” ಎಂದ ಗುಲ್ಬರ್ಗದ ಹುಡುಗ.

“ಉಜ್ಜಿದ್ದು ಸಾಕಲ್ವಾ ಸಾರ್?”

“ಇನ್ನಾ ಜರಾ.”

ಅಮೃತಹಳ್ಳಿಯ ಹುಡುಗಿ ತಲೆ ತಗ್ಗಿಸಿ ನಕ್ಕಳು. ಪ್ರೀತಿ ಅಲ್ಲೇ ಮೊಳೆತು, ಕ್ಯಾಂಟೀನಿಗೂ ಬಸ್ ಸ್ಟಾಪಿಗೂ ಹಬ್ಬಿತು.

ಕಾಶಿನಾಥನ ಸಂಶೋಧನೆ ಗಾಂಜಾದ ಮೇಲೆ. ಗಂಡು ಇಲಿಗಳಿಗೆ ಅದರ ರಸ ಕುಡಿಸಿ, ಹೆಣ್ಣುಗಳ ಜೊತೆ ಬಿಟ್ಟು, ಹುಟ್ಟುವ ಮರಿಗಳನ್ನು ನೋಡುವುದು. ಮರಿಗಳು ಕಡಿಮೆಯಾಗುತ್ತ ಬಂದವು. ಕೆಲವು ಸೊಟ್ಟಗೆ ಹುಟ್ಟಿದವು. ಅವಳು ಮದುವೆಯ ಮಾತೆತ್ತಿದಾಗ ಅವನ ಮುಖ ಬಾಡಿತು.

“ಊರಾಗ ಸಾಧು-ಬಾವಾಗೋಳ ಜೋಡಿ ಕುಂತು ವರ್ಷಗಟ್ಲೆ ಗಾಂಜಾ ಚಿಲುಮಿ ಸೇದೀನಿ. ಈಗ ಬಿಟ್ಟೀನಿ ಖರೇ. ನಾಳಿ ಮಂದಿ ನಿನಗ ಬಂಜಿ ಅಂದ್ರ?”

“ಮಕ್ಳಿಲ್ದಿದ್ರೆ ಬೇಡ ಕಣ್ರೀ. ನಾನು ಕೇಳ್ತಿರೋದು ನಿಮ್ಮನ್ನ.”

ಅವನು ಒಪ್ಪಲಿಲ್ಲ. ಗಾಂಜಾ ಕುಡಿಸುವುದನ್ನು ನಿಲ್ಲಿಸಿದ್ದ ಗಂಡು ಇಲಿಯಿಂದ ಬಸಿರಾದ ಇಲಿ ಒಂದೇ ಇತ್ತು. ಅದು ತುಂಬಾ ಮರಿ ಹಾಕಿದರೆ ಅಮೃತಹಳ್ಳಿಗೆ ಹೆಣ್ಣು ಕೇಳಲು ಬರುತ್ತೇನೆ ಎಂದ. ಅಷ್ಟು ಓದಿದವನು ಕೊನೆಗೆ ಇಲಿಯ ಹತ್ತಿರ ಶಕುನ ಕೇಳಿದ.

ಹೆರಿಗೆಯ ಬೆಳಿಗ್ಗೆ ನಾರಾಯಣಮ್ಮ ಮೊದಲು ಬಂದಳು. ಬೋನಿನಲ್ಲಿ ಎರಡೇ ಮರಿ. ಗಾಂಜಾ ಮುಟ್ಟದ ಪಕ್ಕದ ಬೋನಿನಿಂದ, ಆಗತಾನೇ ಹುಟ್ಟಿದ್ದ ಮರಿಗಳನ್ನು ಬಾಚಿ ತಂದು ಸೇರಿಸಿದಳು. ಗಡಿಬಿಡಿಯಲ್ಲಿ ಕೈ ಉಜ್ಜಲು ಮರೆತಳು.

ಅಷ್ಟರಲ್ಲಿ ತಾಯಿ ಇಲಿಯ ಮೈ ಮುದುಡಿತು. ಇನ್ನೊಂದು ಮರಿ, ಅದರ ಹಿಂದೆ ಮತ್ತೊಂದು. ಅದಿನ್ನೂ ಹೆರುತ್ತಲೇ ಇತ್ತು. ಇವಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಬೆದರಿದ ಇಲಿ ತನ್ನದು, ಬೇರೆಯದು ಎನ್ನದೆ ಸಿಕ್ಕಸಿಕ್ಕ ಮರಿಯನ್ನು ಕಚ್ಚಿ ತಿನ್ನತೊಡಗಿತು. ಬಿಡಿಸಹೋದ ಅವಳ ಬೆರಳಿಗೂ ಬಾಯಿ ಹಾಕಿತು.

ಕಾಶಿನಾಥ ಬಂದಾಗ ಬೋನಿನ ಹೊಟ್ಟಿನ ತುಂಬ ರಕ್ತ. ಅವಳು ಅಳುತ್ತ ಎಲ್ಲ ಹೇಳಿದಳು.

“ಯಾವ್ದು ಅದರ ಮರಿ ಅಂತ ಇನ್ನ ಯಾರಿಗೂ ತಿಳೀಯಂಗಿಲ್ಲ,” ಎಂದ ಅವನು. “ಆ ಗಂಡು ಇಲೀನೂ ನಿನ್ನೆ ಕೊಯ್ದಾಗ್ಯದ. ಮತ್ತೊಮ್ಮಿ ನೋಡ್ಲಿಕ್ಕೂ ಬರಂಗಿಲ್ಲ.”

“ಹಾಳಾಗ್ಲಿ ಬಿಡಿ. ಮಕ್ಳು ಬೇಡ ಅಂದೆನಲ್ಲ.”

“ಬ್ಯಾಡಂದ್ರ ಮರಿ ಯಾಕ ತಂದು ಹಾಕ್ದಿ, ನಾಣಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಮಗೋಸ್ಕರ ಎನ್ನಲು ಅವಳು ಬಾಯಿ ತೆರೆದಳು. ಅದು ಅರ್ಧ ನಿಜ. ಪ್ರೀತಿಸಿದವನ ಮುಂದೆ ಇನ್ನರ್ಧ ಮುಚ್ಚಿಡಲು ಮನಸ್ಸು ಬರಲಿಲ್ಲ.

“ನಂಗೂ ಮಗು ಬೇಕು,” ಎಂದಳು.

ಕಾಶಿನಾಥ ತನ್ನ ಕರ್ಚೀಫಿನಿಂದ ಅವಳ ಬೆರಳಿಗೆ ಕಟ್ಟು ಹಾಕಿದ. “ಸಿಗಲಿ ನಿನಗ,” ಎಂದ. ಅಮೃತಹಳ್ಳಿಗೆ ಅವನು ಬರಲೇ ಇಲ್ಲ.