ನಿಜವಾದ ಆರು

"ಏಳಕ್ಕಾ! ಏಳೇ! ಏಳು!"

ತಂಗಿ ಕಡ್ಡಿ ಬೆಂಚಿನ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದಳು. ಸ್ಟೇಡಿಯಂನಲ್ಲಿ ಇಪ್ಪತ್ತು ಸಾವಿರ ಜನ ಇದ್ದರು. ಇಪ್ಪತ್ತು ಸಾವಿರ ಬಾಯಿಯೂ ಒಟ್ಟಿಗೇ ಮುಚ್ಚಿಹೋಗಿದ್ದವು. ಹುಲ್ಲಿನ ನಡುವೆ ಅಕ್ಕ ಮಕಾಡೆ ಬಿದ್ದಿದ್ದಳು. ಪಕ್ಕದಲ್ಲಿ ಚೆಂಡು, ಕೋಳಿ ಬಿಟ್ಟುಹೋದ ಮೊಟ್ಟೆಯ ಹಾಗೆ, ಸುಮ್ಮನೆ ಅಲುಗಾಡುತ್ತಿತ್ತು.

"ಏಳ್ತಾಳೆ, ಏಳ್ತಾಳೆ," ಅಂದ ಅಪ್ಪ. ಅವನ ಕೈಲಿದ್ದ ಪಾಪ್‌ಕಾರ್ನ್ ಪೊಟ್ಟಣ ಯಾವಾಗಲೋ ಕೆಳಗೆ ಬಿದ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಅಕ್ಕ ಎದ್ದಳು. ಒಂದು ಸಲ ವಾಲಿದಳು, ಆಮೇಲೆ ನೆಟ್ಟಗೆ ನಿಂತು ಕೈ ಎತ್ತಿದಳು. ಸ್ಟೇಡಿಯಂ ಹಾರಿಹೋಗುವ ಹಾಗೆ ಜನ ಕೂಗಿದರು: "ಬುಗುರಿ! ಬುಗುರಿ!"

ಅದು ಅಕ್ಕನಿಗೆ ಜನ ಇಟ್ಟ ಹೆಸರು. ಚೆಂಡು ಕೈಗೆ ಸಿಕ್ಕಿತೆಂದರೆ ಹಿಡಿಯಲು ಬಂದವರ ನಡುವೆ ಗಿರ್ರನೆ ತಿರುಗಿ ಹೊರಗೆ ಬಂದುಬಿಡುತ್ತಿದ್ದಳು. ಅವಳು ತಿರುಗಿದ ಗಾಳಿಗೆ ಎದುರಾಳಿಗಳ ಶೂ ಲೇಸು ತಾನಾಗಿ ಬಿಚ್ಚಿಕೊಳ್ಳುತ್ತದೆ ಅಂತ, ಬೀಗ ರಿಪೇರಿಗೆ ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದ. ಅಪ್ಪನದು ಬೀಗದ ಅಂಗಡಿ. ಬೀಗ ಒಂದು ನಿಮಿಷದಲ್ಲಿ ತೆರೆಯುತ್ತಿತ್ತು, ಕತೆ ಮಾತ್ರ ಅರ್ಧ ಗಂಟೆ.

ಅಕ್ಕ ಆಡುವುದು ಸೆವೆನ್ಸ್ ರಗ್ಬಿ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಆಟ. ಒಂದೊಂದು ಕಡೆ ಏಳೇ ಜನ. ಏಳು ನಿಮಿಷ ಆಡು, ಒಂದು ಗುಟುಕು ನೀರು ಕುಡಿ, ಇನ್ನೇಳು ನಿಮಿಷ ಆಡು. ಚೆಂಡನ್ನು ಹಿಂದಕ್ಕೇ ಎಸೆಯಬೇಕು, ತಾನು ಮುಂದಕ್ಕೇ ಓಡಬೇಕು. ಅಷ್ಟರಲ್ಲಿ ಎದುರಿನವರು ಹಿಡಿದು ಕೆಡವುತ್ತಾರೆ. ಒಂದು ಸೀಸನ್ನಿಗೆ ಏಳು ದೇಶದ ಏಳು ಊರು. ಹೆಂಗಸರ ಟೀಮು, ಗಂಡಸರ ಟೀಮು ಒಂದೇ ವಿಮಾನ ಹತ್ತುತ್ತವೆ, ಒಂದೇ ಮೈದಾನದಲ್ಲಿ ಒಂದಾದ ಮೇಲೊಂದು ಆಡುತ್ತವೆ.

ಆರು ಊರು ಮುಗಿದಿದ್ದವು. ಕೊನೆಯದು ಕಡ್ಡಿಯ ಊರಿನಲ್ಲೇ. ಈ ಬೆಳಗಿನ ಮ್ಯಾಚ್ ಗೆದ್ದರೆ ಮಧ್ಯಾಹ್ನ ಸೆಮಿಫೈನಲ್. ಅಕ್ಕನ ಟೀಮು ಇಲ್ಲಿಯವರೆಗೆ ಸೆಮಿಫೈನಲ್ಲಿನ ಮುಖವನ್ನೇ ಕಂಡಿರಲಿಲ್ಲ.

ಗೆದ್ದರು! ಟೀಮಿನ ಡಾಕ್ಟರಮ್ಮ ಅಕ್ಕನನ್ನು ತಲೆಯ ಪರೀಕ್ಷೆಗೆ ಒಳಗೆ ಕರೆದುಕೊಂಡು ಹೋಗಿದ್ದರು. ಹತ್ತು ನಿಮಿಷದಲ್ಲಿ ಅವಳು ಹೆಬ್ಬೆರಳು ಎತ್ತಿ ತೋರಿಸುತ್ತಾ ಹೊರಗೆ ಬಂದಳು. ಜನ ಕುಣಿದರು. ಅಪ್ಪ ಪಕ್ಕದ ಸೀಟಿನವರ ಟೋಪಿ ತೆಗೆದು ಗಾಳಿಗೆ ಎಸೆದ.

ಕಡ್ಡಿ ಕುಣಿಯಲಿಲ್ಲ. ಆ ಪರೀಕ್ಷೆಯ ಗುಟ್ಟು ಇಪ್ಪತ್ತು ಸಾವಿರ ಜನರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಸೀಸನ್ ಶುರುವಾಗುವ ಮುಂಚೆ ಡಾಕ್ಟರಮ್ಮ ಒಬ್ಬೊಬ್ಬ ಆಟಗಾರರನ್ನೂ ಕೂರಿಸಿಕೊಂಡು ಹತ್ತು ಪದ ಓದಿ ಹೇಳುತ್ತಾರೆ. ನೆನಪಿಟ್ಟುಕೊಂಡು ತಿರುಗಿ ಹೇಳಬೇಕು. ಎಷ್ಟು ಬಂತೋ ಬರೆದಿಡುತ್ತಾರೆ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಹತ್ತು ಪದ. ಮೊದಲಿಗಿಂತ ಕಡಿಮೆ ಹೇಳಿದರೆ ತಲೆಯೊಳಗೆ ಏಟಾಗಿದೆ ಅಂತ ಅರ್ಥ. ಆಟ ಬಂದ್.

ಆ ಪರೀಕ್ಷೆಯ ಹಿಂದಿನ ದಿನ ಅಕ್ಕ ಅಂಗಡಿಯ ಕೌಂಟರ್ ಮೇಲೆ ಕೂತು ಕಾಲಾಡಿಸುತ್ತಿದ್ದಳು. "ಏ ಕಡ್ಡಿ, ಹತ್ತು ಪದ ಹೇಳೇ."

"ಬೀಗ, ಬಕೆಟ್, ಕತ್ತರಿ, ಮೋಡ, ಚಮಚ, ಕಿಟಕಿ, ಹಗ್ಗ, ಬೆಕ್ಕು, ಏಣಿ, ಸೋಪು."

ಅಕ್ಕ ಹತ್ತನ್ನೂ ಪಟಪಟನೆ ಹೇಳಿದಳು. ಆಮೇಲೆ ಸೋಪಿನಿಂದ ಬೀಗದವರೆಗೆ ಉಲ್ಟಾ ಹೇಳಿದಳು.

"ಈಗ ದಡ್ಡಿ ಥರ ಹೇಳ್ತೀನಿ ನೋಡು." ಕಣ್ಣು ಮೆಳ್ಳೆ ಮಾಡಿಕೊಂಡು ತಲೆ ಕೆರೆದಳು. "ಬೀಗ... ಬಕೆಟ್... ಅಯ್ಯೋ ಡಾಕ್ಟ್ರೇ, ಇನ್ನೇನೋ ಇತ್ತಲ್ಲಾ... ಹಾಂ, ಬೆಕ್ಕು!"

ಕಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಬೇಕಂತ ಯಾಕಕ್ಕಾ ತಪ್ಪು ಹೇಳೋದು?"

"ನಾಳೆ ಆರೇ ಹೇಳ್ತೀನಿ. ಆಮೇಲೆ ಏಟು ಬಿದ್ದಾಗ್ಲೂ ಆರು ಹೇಳಿದ್ರೆ ಸಾಕು. ಅಲ್ಲಿಂದಲ್ಲಿಗೆ ಸಮ. ಯಾರೂ ನನ್ನ ಆಟ ನಿಲ್ಲಿಸಲ್ಲ." ಅಕ್ಕ ಅಂಗಡಿಯ ಒಳಗೆ ಬಗ್ಗಿ ನೋಡಿದಳು. ಅಪ್ಪ ಕೀಲಿ ಉಜ್ಜುತ್ತಿದ್ದ. "ಬಾಯಿಗೆ ಬೀಗ ಹಾಕ್ಕೋ. ಅಪ್ಪನಿಗೂ ತೆಗೆಯೋಕೆ ಬರ್ದೇ ಇರೋಂಥ ಬೀಗ."

ಆವತ್ತು ಅದು ಬರೀ ತಮಾಷೆಯಾಗಿತ್ತು.

ಊಟದ ಹೊತ್ತಿಗೆ ಮನೆಯವರನ್ನು ಆಟಗಾರರ ರೂಮಿಗೆ ಬಿಡುತ್ತಿದ್ದರು. ಕಡ್ಡಿ ಕೊರಳಿಗೆ ಪಾಸ್ ನೇತುಹಾಕಿಕೊಂಡು ಒಬ್ಬಳೇ ಮೆಟ್ಟಿಲಿಳಿದಳು. ಕೆಳಗೆ ನೋವಿನ ಮುಲಾಮು, ಒದ್ದೆ ಸಾಕ್ಸುಗಳ ವಾಸನೆ. ಅಕ್ಕ ಮೂಲೆಯ ಬೆಂಚಿನಲ್ಲಿ ತಲೆಗೆ ಟವೆಲ್ ಮುಚ್ಚಿಕೊಂಡು ಕೂತಿದ್ದಳು.

"ಬಂದ್ಯೇನೇ ಕಡ್ಡಿ? ಮೊದ್ಲು ಆ ಲೈಟ್ ಆಫ್ ಮಾಡು, ಕಣ್ಣಿಗೆ ಚುಚ್ತಾ ಇದೆ." ದನಿ ತಗ್ಗಿಸಿದಳು. "ಆರು ಬಂತು ಗೊತ್ತಾ? ಆವತ್ತೂ ಆರು, ಇವತ್ತೂ ಆರು. ಪಾಸ್!"

"ಇವತ್ತೂ ಬೇಕಂತಲೇ ಆರು ಹೇಳಿದ್ಯಾ?"

ಅಕ್ಕನ ನಗು ಅರ್ಧದಲ್ಲೇ ನಿಂತಿತು. "ಹೂಂ... ಹೂಂ ಮತ್ತೆ."

ಕಡ್ಡಿ ಹತ್ತಿರ ಸರಿದು ಕೂತಳು. "ಬೀಗ, ಬಕೆಟ್, ಕತ್ತರಿ, ಮೋಡ, ಚಮಚ. ಐದೇ ಐದು. ಹೇಳಕ್ಕಾ."

"ಹೋಗೇ, ನಿನ್ನಾಟ ಒಂದು."

"ಹೇಳು."

"ಬೀಗ. ಬಕೆಟ್." ಅಕ್ಕ ಗೋಡೆ ನೋಡಿದಳು, ಯಾಕೆ ಬಂದೆ ಅನ್ನುವುದೇ ಮರೆತು ಅಡುಗೆಮನೆಯಲ್ಲಿ ನಿಂತವರ ಹಾಗೆ. "...ಬೆಕ್ಕು."

ಈ ಸಲ ಅವಳು ಕಣ್ಣು ಮೆಳ್ಳೆ ಮಾಡಿರಲಿಲ್ಲ. ತಲೆಯನ್ನೂ ಕೆರೆದಿರಲಿಲ್ಲ.

"ಬೆಕ್ಕು ಅಂತ ನಾನು ಹೇಳೇ ಇಲ್ಲಕ್ಕಾ." ಕಡ್ಡಿ ಎದ್ದು ನಿಂತಳು. "ಡಾಕ್ಟ್ರಿಗೆ ಹೇಳೋಣ ಬಾ."

ಅಕ್ಕ ಅವಳ ಮಣಿಕಟ್ಟು ಹಿಡಿದಳು. ಚೆಂಡು ಹಿಡಿಯುವ ಕೈ ಅದು, ಬಿಡಿಸಿಕೊಳ್ಳಲು ಆಗಲಿಲ್ಲ. "ಎಂಟು ವರ್ಷ ಮಣ್ಣು ತಿಂದಿದೀನಿ ಕಣೇ ಈ ಮ್ಯಾಚಿಗೋಸ್ಕರ. ಇನ್ನು ನಲವತ್ತೇ ನಿಮಿಷ ಇದೆ. ನೀನೇನಾದ್ರೂ ಬಾಯಿ ಬಿಟ್ಟೆ, ನಾನು ನಿಂಗೆ ಅಕ್ಕನೇ ಅಲ್ಲ. ತಿಳೀತಾ?"

ಕಡ್ಡಿ ಮೆಟ್ಟಿಲು ಹತ್ತಿದಳು. ಎರಡೆರಡು ಮೆಟ್ಟಿಲು ಹಾರುವವಳು ಈಗ ಒಂದೊಂದಕ್ಕೂ ಗೋಡೆ ಹಿಡಿದಳು. ಅಮ್ಮನಿಗೆ ಹೇಳೋಣ ಅಂದರೆ ಅಮ್ಮ ಬಂದಿರಲಿಲ್ಲ. ಮ್ಯಾಚ್ ನೋಡಲು ಅಮ್ಮನಿಗೆ ಧೈರ್ಯ ಇಲ್ಲ. ಮ್ಯಾಚಿದ್ದ ದಿನ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾ ಕೂರುತ್ತಾಳೆ. ಬಟ್ಟೆ ಮುಗಿದರೆ ಕರವಸ್ತ್ರ, ಕರವಸ್ತ್ರ ಮುಗಿದರೆ ನೆಲ ಒರೆಸುವ ಬಟ್ಟೆ.

ಅಪ್ಪನ ಸುತ್ತ ಜನ ಸೇರಿದ್ದರು.

"ನನ್ನ ಮಗಳ ತಲೆ ಅಂದ್ರೆ ಏನಂದ್ಕೊಂಡ್ರಿ? ಬ್ಯಾಂಕ್ ಲಾಕರ್ ಸ್ವಾಮಿ! ಸುತ್ತಿಗೇಲಿ ಹೊಡೆದ್ರೆ ಸುತ್ತಿಗೆ ಅಳ್ತಾ ಮನೆಗೆ ಹೋಗುತ್ತೆ!"

"ಅಪ್ಪಾ," ಕಡ್ಡಿ ಅವನ ತೋಳು ಜಗ್ಗಿದಳು. "ಅಕ್ಕಂಗೆ ಹುಷಾರಿಲ್ಲಪ್ಪಾ."

"ಡಾಕ್ಟ್ರೇ ಪಾಸ್ ಮಾಡಿದಾರಲ್ಲ ಮಗಳೇ. ಅವರಿಗಿಂತ ದೊಡ್ಡ ಡಾಕ್ಟ್ರಾ ನೀನು?"

ಎಲ್ಲರೂ ನಕ್ಕರು. ಅಪ್ಪ ಅವಳ ಕೆನ್ನೆ ತಟ್ಟಿದ. ಆ ಕೈ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಕಡ್ಡಿಗೆ ತಟ್ಟನೆ ಹೊಳೆಯಿತು. ಅಪ್ಪನಿಗೂ ಭಯ. ಭಯವಾದಷ್ಟೂ ಅಪ್ಪನ ಕತೆ ಉದ್ದವಾಗುತ್ತದೆ. ಇವತ್ತು ಅದು ಮುಗಿಯುವ ಹಾಗೆಯೇ ಇರಲಿಲ್ಲ.

ಅವಳು ತಿರುಗಿ ಕೆಳಗೆ ಓಡಿದಳು.

ಡಾಕ್ಟರಮ್ಮನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಗಂಡಸರ ಟೀಮಿನ ಬೀರು ಕೂತಿದ್ದ. ಆಳು ಹೆಸರಿಗೆ ತಕ್ಕ ಹಾಗಿದ್ದ. ಎರಡು ಕುರ್ಚಿ ಜೋಡಿಸಿಕೊಂಡು, ಮಂಡಿಗೆ ಐಸ್ ಕಟ್ಟಿಸಿಕೊಂಡಿದ್ದ.

"ಏನಮ್ಮಾ ಬುಗುರಿ ತಂಗಿ, ಯಾಕೆ ಮುಖ ಬಿಳಿಚ್ಕೊಂಡಿದೆ? ದೆವ್ವ ಕಂಡ್ಯಾ?"

"ಅಣ್ಣಾ, ಹತ್ತು ಪದದ ಪರೀಕ್ಷೇಲಿ ನೀನೂ ಬೇಕಂತ ತಪ್ಪು ಹೇಳಿದ್ಯಾ?"

"ಅಯ್ಯೋ, ಎಲ್ಲರೂ..." ಅಂತ ನಗಲು ಹೊರಟ ಬೀರು ಅರ್ಧಕ್ಕೇ ನಿಲ್ಲಿಸಿದ. ಕಡ್ಡಿಯನ್ನು ನೋಡಿದ. ಅಕ್ಕನ ರೂಮಿನ ಕಡೆ ನೋಡಿದ. ಅಷ್ಟು ದೊಡ್ಡ ಮುಖ ಇಷ್ಟೇ ಇಷ್ಟಾಯಿತು. ಎದ್ದು ಕಾಲೆಳೆದುಕೊಂಡು ಪಕ್ಕಕ್ಕೆ ಸರಿದು, ಬಾಗಿಲು ತಳ್ಳಿ ಹಿಡಿದ.

ಡಾಕ್ಟರಮ್ಮ ಬ್ಯಾಂಡೇಜ್ ಸುತ್ತುತ್ತಿದ್ದರು. "ಏನು ಪುಟ್ಟಾ? ಬಿದ್ಯಾ?"

ಹೇಳಿದರೆ ಅಕ್ಕ ಇಲ್ಲ. ಹೇಳದಿದ್ದರೂ... ಅದರ ಮುಂದಕ್ಕೆ ಯೋಚಿಸಲು ಕಡ್ಡಿಗೆ ಆಗಲಿಲ್ಲ.

"ಅಕ್ಕಂಗೆ ಹತ್ತೂ ಬರುತ್ತೆ," ಅಂದಳು. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. "ಉಲ್ಟಾನೂ ಬರುತ್ತೆ. ಆವತ್ತು ಬೇಕಂತಲೇ ಆರು ಹೇಳಿದ್ದು. ನಾವಿಬ್ರೂ ಪ್ರಾಕ್ಟೀಸ್ ಮಾಡಿದ್ವಿ. ಈಗ ಐದು ಹೇಳಿದ್ರೆ ಎರಡೇ ಬರ್ತಿದೆ. ಹೇಳ್ದೇ ಇರೋ ಬೆಕ್ಕು ಬರ್ತಿದೆ."

ಬ್ಯಾಂಡೇಜ್ ಸುರುಳಿ ನೆಲದ ಮೇಲೆ ಬಿಚ್ಚಿಕೊಳ್ಳುತ್ತಾ ಉರುಳಿತು. ಡಾಕ್ಟರಮ್ಮ ಫೈಲು ತೆಗೆದು ಎರಡು ಹಾಳೆ ಅಕ್ಕಪಕ್ಕ ಇಟ್ಟರು.

"ಇದು ಸುಳ್ಳು ಆರು," ಅಂದರು. ಬೆರಳು ಎರಡನೆಯ ಹಾಳೆಗೆ ಸರಿಯಿತು. "ಹಾಗಾದ್ರೆ ಇದು ನಿಜವಾದ ಆರು. ದೇವರೇ. ಇನ್ನೊಂದು ಏಟು ಬಿದ್ದಿದ್ರೆ..."

ಎರಡೂ ಹಾಳೆ ಕೈಗೆತ್ತಿಕೊಂಡು ಬಾಗಿಲ ಕಡೆ ನಡೆದರು.

ಬಾಗಿಲಲ್ಲಿ ಬೀರು ಕೆಮ್ಮಿದ. "ಡಾಕ್ಟ್ರೇ... ನನ್ನ ಹಾಳೇನೂ ತೆಗೀರಿ. ಏಳು ಅಂತ ಇದೆಯಲ್ಲ, ಅದೂ ಸುಳ್ಳೇ."

"ನೀನು ಅಲ್ಲೇ ಕೂತಿರಪ್ಪ. ಬಂದು ವಿಚಾರಿಸ್ಕೋತೀನಿ," ಅಂದು ಡಾಕ್ಟರಮ್ಮ ಓಡಿದರು.

ಗೋಡೆಯಾಚೆಯಿಂದ ಮೊದಲು ಅಕ್ಕನ ಕೂಗು ಕೇಳಿತು. "ನಂಗೇನೂ ಆಗಿಲ್ಲ! ಹತ್ತು ಪದ ಕೇಳಿ ಬೇಕಾದ್ರೆ! ಕೇಳಿ!" ಡಾಕ್ಟರಮ್ಮ ಕೇಳಿದರು ಅಂತ ಕಾಣುತ್ತದೆ. ಆಮೇಲೆ ಕೂಗು ಕೇಳಲಿಲ್ಲ. ಅಕ್ಕನನ್ನು ಇಬ್ಬರು ಹಿಡಿದುಕೊಂಡು ಬಂದರು. ಕಡ್ಡಿಯ ಮುಂದೆ ಹಾಯುವಾಗ ಅಕ್ಕ ಒಂದು ನೋಟ ನೋಡಿದಳು. ಬೈದಿದ್ದರೆ ವಾಸಿ ಇತ್ತು.

ಸೆಮಿಫೈನಲ್ ಅಕ್ಕ ಇಲ್ಲದೆ ನಡೆಯಿತು. ಹನ್ನೆರಡು, ಹದಿನಾಲ್ಕು. ಬರೀ ಎರಡು ಪಾಯಿಂಟಿನಲ್ಲಿ ಸೋತರು.

ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ ಆಂಬುಲೆನ್ಸ್ ಬರುವವರೆಗೆ ಅಕ್ಕನನ್ನು ಪರದೆ ಎಳೆದ ಕೋಣೆಯಲ್ಲಿ ಮಲಗಿಸಿದ್ದರು. ಅವಳು ವಾಂತಿ ಮಾಡಿದಳು. ಕಡ್ಡಿ ಬಕೆಟ್ ಹಿಡಿದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಹತ್ತಿರ ಒಂದು ಕತೆಯೂ ಇರಲಿಲ್ಲ.

"ಹುಷಾರಾಗ್ತಾಳೆ. ದಿನ ಹಿಡಿಯುತ್ತೆ, ಆದ್ರೆ ಆಗ್ತಾಳೆ," ಅಂದರು ಡಾಕ್ಟರಮ್ಮ.

ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. "ಮ್ಯಾಚ್ ಏನಾಯ್ತೇ?"

"ಸೋತ್ವಿ ಅಕ್ಕಾ. ಹನ್ನೆರಡು, ಹದಿನಾಲ್ಕು."

ಅಕ್ಕ ಗೋಡೆಯ ಕಡೆ ತಿರುಗಿ ಅತ್ತಳು. "ಹೋಗು ಆಚೆ," ಅಂದಳು. ಕಡ್ಡಿ ಬಾಗಿಲವರೆಗೆ ಹೋಗಿ ನಿಂತಳು.

ಐದು ನಿಮಿಷ ಆಗಿರಲಿಲ್ಲ. "ಕಡ್ಡೀ... ಮ್ಯಾಚ್ ಏನಾಯ್ತೇ?"

ಅಕ್ಕ ನಾಟಕ ಮಾಡುತ್ತಿರಲಿಲ್ಲ. ಕಡ್ಡಿ ಮತ್ತೆ ಹೇಳಿದಳು. ಅಕ್ಕ ಮತ್ತೆ ಮೊದಲ ಸಲದಷ್ಟೇ ಅತ್ತಳು. ಮೂರನೆಯ ಸಲ ಕೇಳಿದಾಗ ಗೆದ್ವಿ ಅಂದುಬಿಡೋಣ ಅನಿಸಿತು. ಹೇಗೂ ನೆನಪಿರುವುದಿಲ್ಲ, ನಗುತ್ತಾಳೆ. ಮಾತು ತುಟಿಯವರೆಗೂ ಬಂತು. ಕಡ್ಡಿ ಅದನ್ನು ನುಂಗಿಕೊಂಡು ಅಕ್ಕನ ಕೈ ಹಿಡಿದಳು. "ಸೋತ್ವಿ ಅಕ್ಕಾ. ಎರಡೇ ಪಾಯಿಂಟು."

ಹೊರಗೆ ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು. ಅಕ್ಕ ಇನ್ನೊಂದು ಸಲ ಕಣ್ಣು ಬಿಟ್ಟಳು. ಕಡ್ಡಿ ಉತ್ತರ ರೆಡಿ ಮಾಡಿಕೊಂಡಳು.

ಅಕ್ಕ ಸ್ಕೋರ್ ಕೇಳಲಿಲ್ಲ. ಕಡ್ಡಿಯ ಮುಖವನ್ನೇ ನೋಡಿದಳು.

"ನೀನು ಹೇಳ್ಬಿಟ್ಟೆ, ಅಲ್ವಾ?"

ಬೆಳಗಿನಿಂದ ಕಡ್ಡಿ ಹೆದರಿದ್ದ ಮಾತು ಅದು. ಈಗ ಕೇಳಿದಾಗ ಸಮಾಧಾನವಾಯಿತು: ಅಕ್ಕನಿಗೆ ನೆನಪಿದೆ!

"ಹೂಂ. ಹೇಳ್ದೆ."

"ನಾನು ನಿನ್ನ ಜೊತೆ ಮಾತಾಡಲ್ಲ."

"ಎಷ್ಟು ದಿನ?"

"ತುಂಬಾ ದಿನ."

"ಸರಿ," ಅಂದಳು ಕಡ್ಡಿ, ಮೂಗು ಒರೆಸಿಕೊಳ್ಳುತ್ತಾ. "ಮರೀಬೇಡ ಮತ್ತೆ."